ಅಕ್ಕಿಕಾಳಿನೊಳಗಿನ ನಂಬರು

ಷಡಕ್ಷರಿಯವರು ಯಾವಾಗಲೂ ಅರ್ಧ ಇಲ್ಲಿ, ಅರ್ಧ ಬೇರೆಲ್ಲೋ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಕುವೆಂಪುನಗರದ ಬೀದಿಯಲ್ಲಿ ಸೈಕಲ್ ತಳ್ಳಿಕೊಂಡು ಹೋಗುವ ಅವರನ್ನು ಕಂಡ ಹೊಸಬರು, ಪಾಪ, ಪಂಕ್ಚರ್ ಆಗಿರಬೇಕು ಅಂದುಕೊಳ್ಳುತ್ತಾರೆ. ಪಂಕ್ಚರ್ ಏನೂ ಆಗಿರುವುದಿಲ್ಲ. ತಿರುವಿನಲ್ಲಿ ಹೊಂಗೆ ಹೂವು ನೆಲ ಕಾಣದಂತೆ ಉದುರಿರುತ್ತದೆ. ಅದರ ಮೇಲೆ ಚಕ್ರ ಹಾಯಿಸಲು ಮನಸ್ಸು ಬಾರದೆ ಇಳಿದವರು ಮತ್ತೆ ಹತ್ತಬೇಕೆಂಬುದನ್ನೇ ಮರೆತಿರುತ್ತಾರೆ.

ಮನೆಯಲ್ಲಿ ಹೆಂಡತಿ ಗಿರಿಜಾಂಬಾ ಅವರದು ದಿನಾ ಒಂದೇ ಮಾತು. "ಕಾಫಿ ಆರಿಹೋಯ್ತು ಕಣ್ರೀ. ಎಲ್ಲಿದ್ದೀರಿ?"

"ಇಲ್ಲೇ ಇದ್ದೀನಲ್ಲೇ."

"ಇಲ್ಲಿ ಅಂಗಿ ಇದೆ, ಕನ್ನಡಕ ಇದೆ. ಒಳಗಿರೋರು ಬಂದ್ಮೇಲೆ ಹೇಳಿ, ಇನ್ನೊಂದ್ಸಲ ಬಿಸಿ ಮಾಡ್ತೀನಿ."

ಮನಸ್ಸು ಎಲ್ಲೇ ಅಲೆಯಲಿ, ಕೈಗಳು ಮಾತ್ರ ಎಚ್ಚರವಾಗಿದ್ದವು. ಮೂವತ್ತೊಂದು ವರ್ಷ ದನದ ಆಸ್ಪತ್ರೆಯಲ್ಲಿ ಸಹಾಯಕರಾಗಿ ದುಡಿದ ಕೈಗಳು. ಒದೆಯುವ ಎಮ್ಮೆ, ಕಚ್ಚುವ ಕುದುರೆ, ಹೆದರಿ ಮೂಲೆ ಸೇರುವ ಕರು, ಯಾವುದೇ ಆಗಲಿ, ಆ ಅಂಗೈ ಬೆನ್ನ ಮೇಲೆ ಬಿದ್ದರೆ ಒಂದು ನಿಟ್ಟುಸಿರು ಬಿಟ್ಟು ನಿಲ್ಲುತ್ತಿತ್ತು. ನಿವೃತ್ತಿಯಾದ ಮೇಲೆ ಒಂದು ತಿಂಗಳು ಮನೆಯಲ್ಲಿ ಕೂತರು. ಕೈಗೆ ಏನೂ ಸಿಗದೆ ಸೋಫಾದ ದಿಂಬನ್ನು ಸವರುತ್ತಿದ್ದರಂತೆ. ಅದನ್ನು ನೋಡಲಾರದೆ ಗಿರಿಜಾಂಬಾ ಅವರೇ ಡಾಕ್ಟರ್ ಭಾನುಮತಿಯವರ ಬಳಿ ಹೋಗಿ ಕೇಳಿದರು. ಎರಡು ಬೀದಿ ಆಚೆ ಸಾಕುಪ್ರಾಣಿಗಳ ಕ್ಲಿನಿಕ್ ಇಟ್ಟುಕೊಂಡಿರುವ ಡಾಕ್ಟರು ಸಂತೋಷದಿಂದ ಒಪ್ಪಿದರು. ಅಲ್ಲಿಂದ ಮುಂದೆ ಷಡಕ್ಷರಿಯವರ ಕೆಲಸ ನಾಯಿಗಳಿಗೆ ಚಿಪ್ ಹಾಕುವುದು.

ಚಿಪ್ ಅಂದರೆ ಅಕ್ಕಿಕಾಳಿನಷ್ಟು ದೊಡ್ಡ ಒಂದು ಗಾಜಿನ ಕಾಳು. ದಪ್ಪ ಸೂಜಿಯಲ್ಲಿ ನಾಯಿಯ ಎರಡು ಹೆಗಲಿನ ನಡುವೆ, ಚರ್ಮದ ಕೆಳಗೆ ಅದನ್ನು ಇಳಿಸಿಬಿಟ್ಟರೆ ಆಯಿತು, ಬದುಕಿರುವಷ್ಟು ದಿನ ಅಲ್ಲೇ ಇರುತ್ತದೆ. ಹತ್ತಿರಕ್ಕೆ ಒಂದು ಓದುವ ಯಂತ್ರ ಹಿಡಿದರೆ ಕುಯ್ಯೆಂದು ಸದ್ದಾಗಿ ಹದಿನೈದು ಅಂಕಿಯ ನಂಬರು ಕಾಣಿಸುತ್ತದೆ. ಆ ನಂಬರಿನ ಎದುರು ಕಂಪ್ಯೂಟರಿನಲ್ಲಿ ಯಜಮಾನರ ಹೆಸರು, ಫೋನು. ಅಷ್ಟೇ. ಆದರೆ ಬಂದವರೆಲ್ಲ ಕೇಳುವುದು ಒಂದೇ. "ಹಾಗಾದ್ರೆ ನಾಯಿ ಎಲ್ಲಿದೆ ಅಂತ ನಮ್ಮ ಫೋನಲ್ಲಿ ಕಾಣ್ಸುತ್ತಾ?"

"ಇಲ್ಲ ತಾಯಿ. ಇದು ತಾನಾಗಿ ಕೂಗಲ್ಲ. ಯಾರಾದ್ರೂ ಪಕ್ಕ ಕೂತು ಹೆಸರೇನು ಮರಿ ಅಂತ ಕೇಳಿದ್ರೆ ಮಾತ್ರ ಹೇಳೋ ನಾಚಿಕೆ ಮಗು ಇದ್ದ ಹಾಗೆ," ಅನ್ನುತ್ತಿದ್ದರು ಷಡಕ್ಷರಿ.

ಮಧ್ಯಾಹ್ನ ಊಟವಾದ ಮೇಲೆ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು ಅವರು ಒಂದು ತೂಕಡಿಕೆ ತೆಗೆಯುತ್ತಿದ್ದರು. ಆಗ ಮುಚ್ಚಿದ ಕಣ್ಣೊಳಗೆ ಒಂದು ಚಿತ್ರ ಬರುತ್ತಿತ್ತು. ಕುಕ್ಕರಹಳ್ಳಿ ಕೆರೆಯ ಏರಿ, ಮಂಜು. ಆ ಮಂಜಿನೊಳಗೆ ಅವರು ಚಿಪ್ ಹಾಕಿದ ನಾಯಿಗಳೆಲ್ಲ ಸಾಲಾಗಿ, ಸದ್ದಿಲ್ಲದೆ ನಡೆಯುತ್ತಿವೆ. ಒಂದೊಂದರ ಹೆಗಲಲ್ಲೂ ಒಂದು ಕಾಳು ಬೆಳಕು. ಮಿಂಚುಹುಳಕ್ಕಿಂತ ಸಣ್ಣದು, ಆರುವುದಿಲ್ಲ. ಯಾವುದೂ ದಾರಿ ತಪ್ಪುವುದಿಲ್ಲ. ಎಚ್ಚರವಾದಾಗ ಎದೆಯಲ್ಲಿ ಹಾಯೆನಿಸುತ್ತಿತ್ತು.

ಹೋದ ದಸರೆ ಮುಗಿದ ಮೂರನೆಯ ದಿನ ಸರಸ್ವತಿಪುರಂನಿಂದ ಸುಷ್ಮಾ ಬಂದಳು. ಸೊಂಟದಲ್ಲಿ ಎಂಟು ತಿಂಗಳ ಹೆಣ್ಣುಮಗು, ಕೈಯಲ್ಲಿ ಬೆಲ್ಲದ ಬಣ್ಣದ ನಾಟಿ ನಾಯಿ. ಹೆಸರೂ ಬೆಲ್ಲ. ಈ ಹುಡುಗಿಗೆ ಭಯ ಒಂದಲ್ಲ ಎರಡಲ್ಲ. ಬೀಗ ಹಾಕಿ ಗೇಟಿನ ತನಕ ಬಂದು, ಗ್ಯಾಸ್ ಆರಿಸಿದೆನೋ ಇಲ್ಲವೋ ಅಂತ ಮತ್ತೆ ಒಳಗೆ ಹೋಗುವವಳು. ಮಗುವಿನ ಅಂಗಿಯ ಒಳಮಡಿಕೆಯಲ್ಲಿ ಫೋನ್ ನಂಬರು ಹೊಲಿದಿದ್ದಳು. ಮನೆಯಿಂದಾಚೆ ಒಂದು ಸಲವೂ ಒಂಟಿಯಾಗಿ ಹೋಗದ ಮಗುವಿಗೆ! ಹಾಗೆಂದು ನಗುವವರು ನಗಲಿ. ಎಂಟು ತಿಂಗಳು ನೆಟ್ಟಗೆ ನಿದ್ದೆ ಇಲ್ಲದವಳ ತಲೆಯೊಳಗೆ ಏನೆಲ್ಲ ಓಡುತ್ತದೆ ಅನ್ನುವುದು ಅವಳಿಗೇ ಗೊತ್ತು.

"ನೋವಾಗುತ್ತಾ ಅಂಕಲ್? ಒಳಗೇ ಒಡೆದುಹೋದ್ರೆ? ಮಗು ಇವನನ್ನ ತಬ್ಕೊಂಡೇ ಮಲಗುತ್ತೆ, ಅದಕ್ಕೇನಾದ್ರೂ ಆಗುತ್ತಾ? ಆ ಕಡೆ ಈ ಕಡೆ ಜಾರುತ್ತಂತೆ, ಹೌದಾ?"

ಷಡಕ್ಷರಿಯವರು ಒಂದೊಂದಕ್ಕೂ ಉತ್ತರ ಹೇಳಿದರು. ಹೇಳುತ್ತಾ ಹೇಳುತ್ತಾ ಕಾಳು ಇಳಿಸಿಯೂ ಆಯಿತು. ಬೆಲ್ಲ ತಿರುಗಿ ಅವರ ಮಣಿಕಟ್ಟು ನೆಕ್ಕಿದ.

"ಮುಗೀತಾ? ಇನ್ನು ಇವನು ಕಳೆದುಹೋಗಲ್ಲ ಅಲ್ವಾ?"

"ಹೋದ್ರೂ ಸಿಗ್ತಾನೆ ಕಣಮ್ಮ. ಇನ್ನು ನೀನು ಚಿಂತೆ ಬುಟ್ಟು ಮಲಕ್ಕೋ."

ಆ ಮಾತು ಕೇಳಿ ಸುಷ್ಮಾ ಅಳುವಂತೆ ನಕ್ಕಳು. ತುಂಬಾ ದಿನದ ಮೇಲೆ ಯಾರೋ ಅವಳಿಗೆ ಮಲಗು ಅಂದಿದ್ದರು.

ಮೂರು ವಾರಕ್ಕೆ ದೀಪಾವಳಿ. ಬೀದಿಯ ಮೂಲೆಯಲ್ಲಿ ಸಿಡಿದ ಒಂದು ಪಟಾಕಿ ಸರಕ್ಕೆ ಹೆದರಿ ಬೆಲ್ಲ ಗೇಟು ಹಾರಿ ಓಡಿದವನು ತಿರುಗಿ ಬರಲಿಲ್ಲ. ಸುಷ್ಮಾ ವಾರಕ್ಕೊಮ್ಮೆ ಕ್ಲಿನಿಕ್ಕಿಗೆ ಫೋನು ಮಾಡುತ್ತಿದ್ದಳು. "ಯಾರಾದ್ರೂ ಆ ನಂಬರು ಓದಿದ್ರಾ ಅಂಕಲ್?" ಯಾರೂ ಓದಿರಲಿಲ್ಲ. ಮಂಜಿನ ಏರಿಯ ಮೇಲೆ ನಡೆಯುವ ಸಾಲಿನಲ್ಲಿ ಷಡಕ್ಷರಿಯವರಿಗೆ ಈಗ ಒಂದು ಜಾಗ ಖಾಲಿ ಕಾಣತೊಡಗಿತು.

ಯುಗಾದಿ ಕಳೆದ ಮೇಲೆ, ಯಾರದೋ ಗೃಹಪ್ರವೇಶಕ್ಕೆಂದು ಆಟೋದಲ್ಲಿ ಹಿನಕಲ್‌ಗೆ ಹೋಗುತ್ತಿದ್ದ ಸುಷ್ಮಾ, ದಾರಿಬದಿಯ ಹೂವಿನಂಗಡಿಯ ಮುಂದೆ ಒದ್ದೆ ಗೋಣಿತಟ್ಟಿನ ಮೇಲೆ ಮಲಗಿದ್ದ ನಾಯಿಯನ್ನು ಕಂಡು ಆಟೋ ನಿಲ್ಲಿಸಿದಳು. "ಬೆಲ್ಲಾ!" ನಾಯಿ ತಲೆಯೆತ್ತಿ ಬಾಲ ಅಲ್ಲಾಡಿಸಿತು. ಅಂಗಡಿಯೊಳಗಿಂದ ಒಬ್ಬ ಹೆಂಗಸು, "ಕೆಂಚಾ, ಯಾರ್ಲಾ ಅದು?" ಅಂದರು. ನಾಯಿ ಅದಕ್ಕೂ ಬಾಲ ಅಲ್ಲಾಡಿಸಿತು.

ಹೂವಿನಂಗಡಿಯ ಪುಟ್ಟಮಾದಮ್ಮ ಅಷ್ಟು ಸುಲಭಕ್ಕೆ ಬಗ್ಗುವವರಲ್ಲ. ದೀಪಾವಳಿ ಕಳೆದ ವಾರ, ಕಾಲು ಊದಿಕೊಂಡು ಚರಂಡಿ ಪಕ್ಕ ಬಿದ್ದಿದ್ದ ನಾಯಿಗೆ ಅರಿಶಿನ ಹಚ್ಚಿ, ಮೊಸರನ್ನ ಇಟ್ಟು ಬದುಕಿಸಿದವರು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಸುಷ್ಮಾ, "ಅವನ ಮೈಯಲ್ಲಿ ಚಿಪ್ ಇದೆ," ಅಂದಳು.

"ಚಿಪ್ಪಾ? ಯಾವ ಚಿಪ್ಪವ್ವ, ತೆಂಗಿನಚಿಪ್ಪಾ?"

ಸುಷ್ಮಾ ವಿವರಿಸಿದಳು. ಪುಟ್ಟಮಾದಮ್ಮ ಸೊಂಟದ ಮೇಲೆ ಕೈಯಿಟ್ಟು ಪೂರ್ತಿ ಕೇಳಿಸಿಕೊಂಡರು. "ಸರಿ. ನಾಳೀಕೆ ನಾನೇ ಕರ್ಕೊಂಡ್ ಬತ್ತೀನಿ. ನಂಬರು ಸರಿಓಯ್ತು ಅಂದ್ರೆ ನಿನ್ ನಾಯಿ, ನಾನೊಂದು ಮಾತಾಡಕಿಲ್ಲ. ಸರಿಓಗ್ಲಿಲ್ಲ ಅಂದ್ರೆ ನೀನು ಇತ್ತಾಗೆ ತಲೆ ಆಕಬಾರ್ದು. ಏನಂತೀಯ?"

ಸುಷ್ಮಾ ಒಪ್ಪಿಬಿಟ್ಟಳು. ನಂಬರು ಸರಿಹೋಗದೆ ಎಲ್ಲಿಗೆ ಹೋಗುತ್ತದೆ?

ಮರುದಿನ ಹನ್ನೊಂದು ಗಂಟೆಗೆ ಎಲ್ಲರೂ ಕ್ಲಿನಿಕ್ಕಿನಲ್ಲಿ ಸೇರಿದರು. ಪುಟ್ಟಮಾದಮ್ಮ ಹಳೆ ಸೀರೆಯ ಅಂಚನ್ನೇ ಹಗ್ಗ ಮಾಡಿ ನಾಯಿಯನ್ನು ಕರೆತಂದಿದ್ದರು. ಮೈಯೆಲ್ಲ ಸುಗಂಧರಾಜದ ವಾಸನೆ. ಈಗ ನಡೆಯಲು ಕಲಿತಿದ್ದ ಸುಷ್ಮಾಳ ಮಗು ನಾಯಿಯನ್ನು ಕಂಡು ಹೆದರಿ ಅಮ್ಮನ ಸೆರಗಿನೊಳಗೆ ಸೇರಿಕೊಂಡಿತು. ನಾಯಿಯಾದರೂ ಒಂದು ಸಾಕ್ಷಿ ಹೇಳಬಾರದೇ? ಅದು ಒಮ್ಮೆ ಸುಷ್ಮಾಳ ಚಪ್ಪಲಿ ಮೂಸಿತು, ಒಮ್ಮೆ ಪುಟ್ಟಮಾದಮ್ಮನ ಮಡಿಲಿಗೆ ಮೂತಿ ಇಟ್ಟಿತು, ಆಮೇಲೆ ಫ್ಯಾನಿನ ಕೆಳಗೆ ತಂಪು ನೆಲ ಹುಡುಕಿಕೊಂಡು ಮಲಗಿತು.

ಡಾಕ್ಟರ್ ಭಾನುಮತಿ ಹೆಗಲ ಮೇಲೆ ಯಂತ್ರ ಆಡಿಸಿದರು. ಸದ್ದಿಲ್ಲ. ಬ್ಯಾಟರಿ ಬದಲಾಯಿಸಿ ಮತ್ತೊಮ್ಮೆ ಆಡಿಸಿದರು. ಸದ್ದಿಲ್ಲ.

"ಚಿಪ್ಪೂ ಇಲ್ಲ ಗಿಪ್ಪೂ ಇಲ್ಲ. ನಡಿಯೋ ಕೆಂಚ," ಪುಟ್ಟಮಾದಮ್ಮ ಎದ್ದರು.

"ಸ್ವಲ್ಪ ಕೊಡಿ ಮೇಡಂ. ಕಾಳು ಜಾರುತ್ತೆ ಒಂದೊಂದ್ಸಲ," ಎಂದು ಷಡಕ್ಷರಿಯವರು ಯಂತ್ರ ತೆಗೆದುಕೊಂಡು ನೆಲಕ್ಕೆ ಕೂತರು. ಎಡಗೈಯಿಂದ ಸವರುತ್ತಾ, ಬಲಗೈಯಲ್ಲಿ ಯಂತ್ರ ಹಿಡಿದು, ಹೆಗಲಿಂದ ಪಕ್ಕೆಗೆ, ಪಕ್ಕೆಯಿಂದ ಮುಂಗಾಲಿಗೆ, ನಿದ್ದೆಯಲ್ಲಿ ನಡೆಯುವವರ ಹಾಗೆ ನಿಧಾನವಾಗಿ ಇಳಿದರು. ಮೊಣಕೈಯ ಹತ್ತಿರ ಕುಯ್ಯೆಂದಿತು.

ಸುಷ್ಮಾ ಚೀಲಕ್ಕೆ ಕೈ ಹಾಕಿದಳು. "ಅಯ್ಯೋ ದೇವರೇ."

ಡಾಕ್ಟರು ಯಂತ್ರದಲ್ಲಿ ಕಂಡ ನಂಬರನ್ನು ಗಟ್ಟಿಯಾಗಿ ಓದಿದರು. ಸುಷ್ಮಾ ಬೆಲ್ಲನ ಲಸಿಕೆ ಪುಸ್ತಕದಲ್ಲಿ ಷಡಕ್ಷರಿಯವರು ಗುಂಡಗೆ ಬರೆದಿದ್ದ ನಂಬರಿನ ಮೇಲೆ ಬೆರಳಿಟ್ಟು ಸರಿಸುತ್ತಾ ಹೋದಳು. ಹತ್ತು ಅಂಕಿ ಸರಿ. "ನಾಲ್ಕು, ಸೊನ್ನೆ, ಮೂರು," ಅಂದರು ಡಾಕ್ಟರು. ಸುಷ್ಮಾಳ ಬೆರಳು ನಿಂತಿತು.

"ಮೂರಲ್ಲ. ಎಂಟು."

"ಇಲ್ಲಿ ಮೂರಿದೆ."

"ಸರಿಯಾಗಿ ನೋಡಿ ಮೇಡಂ!"

ಮೂರು ಸಲ ಓದಿದರು. ಕಂಪ್ಯೂಟರಿನಲ್ಲೂ ಎಂಟೇ ಇತ್ತು. ಉಳಿದ ಹದಿನಾಲ್ಕೂ ಸರಿ, ಹದಿಮೂರನೆಯದು ಮಾತ್ರ ಬೇರೆ. "ಒಂದೇ ಒಂದು ಅಂಕಿ ತಾನೇ?" ಅಂದಳು ಸುಷ್ಮಾ.

"ಒಂದು ಅಂಕಿ ತಾನೇ ಅಂತೀಯಲ್ಲವ್ವ, ನನ್ ಫೋನ್ ನಂಬರ್ನಾಗೆ ಒಂದೇ ಒಂದು ಬದ್ಲಾಯ್ಸಿ ಒತ್ತು. ನಾನ್ ಎತ್ತೀನಾ? ಯಾರೋ ಎತ್ತಾರೆ," ಅಂದರು ಪುಟ್ಟಮಾದಮ್ಮ.

ಡಾಕ್ಟರು ಕ್ಲಿನಿಕ್ಕಿನ ದಪ್ಪ ರಿಜಿಸ್ಟರ್ ತರಿಸಿದರು. ಚಿಪ್ಪಿನ ಪೊಟ್ಟಣದ ಜೊತೆ ಬರುವ, ನಂಬರು ಅಚ್ಚಾದ ಚೀಟಿಯನ್ನು ಅದರಲ್ಲಿ ಅಂಟಿಸಿಡುವುದು ಪದ್ಧತಿ. ಡಾಕ್ಟರು ಕಣ್ಣು ಕಿರಿದು ಮಾಡಿ ನೋಡಿ, "ಇಲ್ಲೂ ಎಂಟೇ ಇದ್ದ ಹಾಗಿದೆ," ಎಂದು ಪುಸ್ತಕ ಮುಚ್ಚಿದರು. "ಸುಷ್ಮಾ, ನಾನೇನೂ ಮಾಡೋಕಾಗಲ್ಲಮ್ಮ. ಅಂಕಿ ತಪ್ಪಿದ್ರೆ ಬೇರೆ ನಾಯಿ ಅಂತಲೇ ಲೆಕ್ಕ."

ಮುಚ್ಚುವ ಹಾಳೆಗಳ ಸಂದಿಯಲ್ಲಿ ಷಡಕ್ಷರಿಯವರಿಗೆ ಒಂದು ಚೂರು ಕೆಂಪು ಕಂಡಿತು.

ಕೆಂಪಿನ ಹಿಂದೆಯೇ ಒಂದು ಬೆಳಗು ತೇಲಿ ಬಂತು. ಆಯುಧಪೂಜೆ. ಕ್ಲಿನಿಕ್ಕಿನ ಮೇಜಿಗೆ ಮಾವಿನ ತೋರಣ, ಬೂದುಗುಂಬಳದ ಹಣ್ಣು, ಊದುಬತ್ತಿಯ ಹೊಗೆ. ಕತ್ತರಿ, ಚಿಮಟ, ತೂಕದ ಯಂತ್ರ, ಡಾಕ್ಟರ ಸ್ಕೂಟರಿನ ಕೀ. ಪಕ್ಕದಲ್ಲಿ ಹೊಸದಾಗಿ ಬಂದಿದ್ದ ಚಿಪ್ಪಿನ ಪೊಟ್ಟಣಗಳನ್ನೂ ಅವರೇ ಸಾಲಾಗಿ ಜೋಡಿಸಿದ್ದರು. ಅನ್ನ ಕೊಡುವ ಸಾಮಾನು, ಬಿಡುವುದು ಹೇಗೆ? ಒಂದೊಂದಕ್ಕೂ ಮೂರು ಎಳೆ ವಿಭೂತಿ, ನಡುವೆ ನೀರಿನಲ್ಲಿ ಕಲಸಿದ ಕುಂಕುಮದ ಬೊಟ್ಟು. ಕೈ ಎಷ್ಟು ಭಕ್ತಿಯಿಂದ ಇಟ್ಟಿತ್ತೆಂದರೆ, ಎಲ್ಲಿ ಇಡುತ್ತಿದ್ದೇನೆ ಅಂತ ನೋಡಿರಲಿಲ್ಲ. ನಾಲ್ಕು ದಿನದ ಮೇಲೆ ಸುಷ್ಮಾ ಬಂದಾಗ ಆ ಚೀಟಿಗಳ ಅಂಟು ಬೂದಿ ಕುಡಿದು ಹಿಡಿಯದೇ ಹೋಗಿತ್ತು. ಒಂದನ್ನು ಗೋಂದು ಹಚ್ಚಿ ರಿಜಿಸ್ಟರಿಗೆ ಅಂಟಿಸಿದರು. ಅವಳ ಪುಸ್ತಕಕ್ಕೆ ಅದನ್ನು ನೋಡಿಕೊಂಡು ಕೈಯಲ್ಲೇ ಬರೆದರು. ಡಾಕ್ಟರು ಆ ಕೈಬರಹವನ್ನೇ ನೋಡಿ ಕಂಪ್ಯೂಟರಿಗೆ ಏರಿಸಿದರು.

ಪುಟ್ಟಮಾದಮ್ಮ ಆಗಲೇ ಬಾಗಿಲ ಹತ್ತಿರ ಹೋಗಿದ್ದರು. ಸುಷ್ಮಾ ಮಗುವಿನ ತಲೆಗೆ ಮುಖ ಒತ್ತಿಕೊಂಡು ಅಲುಗಾಡದೆ ಕೂತಿದ್ದಳು.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಎರಡು ತಿಂಗಳ ಹಿಂದೆ ಒಂದು ಬೆಕ್ಕಿನ ಲಸಿಕೆಯ ತಿಂಗಳನ್ನು ತಪ್ಪಾಗಿ ಬರೆದಾಗ ಡಾಕ್ಟರು ಬಹಳ ಮೆತ್ತಗೆ, "ಷಡಕ್ಷರಿಯವರೇ, ವಯಸ್ಸಾಯ್ತು, ಇನ್ನು ಮನೇಲಿ ಆರಾಮಾಗಿ ಇರಬಹುದಲ್ಲ?" ಅಂದಿದ್ದರು. ಆರಾಮಾಗಿ ಅಂದರೆ ಸೋಫಾದ ದಿಂಬು.

"ಒಂದು ನಿಮಿಷ ತಡೀರಿ," ಅಂದರು. ದನಿ ಎಲ್ಲೋ ದೂರದಿಂದ ಬಂದಂತಿತ್ತು. ಹತ್ತಿಯನ್ನು ನೀರಿನಲ್ಲಿ ಅದ್ದಿ, ರಿಜಿಸ್ಟರ್ ತೆರೆದು, ಆ ಚೀಟಿಯ ಮೇಲೆ ಬಾಗಿದರು.

ಹಿಂದಿರುಗಿ ಬಂದು ಇಣುಕಿದ ಪುಟ್ಟಮಾದಮ್ಮ ಹೌಹಾರಿದರು. "ಪೂಜೆ ಕುಂಕ್ಮ ಅಲ್ವಾ ಸಾಮಿ ಅದು? ಅದನ್ನ ಯಾರಾರ ಒರಸ್ತಾರಾ?"

ಷಡಕ್ಷರಿಯವರ ಕೈ ನಿಂತಿತು. ಒರಸುವುದೂ ಕಷ್ಟ, ಬಿಡುವುದೂ ಕಷ್ಟ. ಆಮೇಲೆ ಬೆರಳಿನಿಂದ ಚೀಟಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಹತ್ತಿಯನ್ನು ಮೆಲ್ಲಗೆ ಎಳೆದರು. ಬಂದ ಕೆಂಪನ್ನು ಕಸದ ಡಬ್ಬಿಗೆ ಹಾಕಲಿಲ್ಲ. ತಮ್ಮ ಹಣೆಗೇ ಹಚ್ಚಿಕೊಂಡರು. ಎರಡನೆಯ ಸಲ ಎಳೆದರು, ಅದನ್ನೂ ಹಣೆಗೆ. ಕುಂಕುಮ ತುಂಬಿ ಎಂಟಾಗಿದ್ದ ಅಂಕಿಯ ಎಡ ಮಗ್ಗುಲು ತೆರೆದುಕೊಂಡಿತು. ಮೂರು.

ಡಾಕ್ಟರು ಬಗ್ಗಿ ನೋಡಿದರು. ಸುಷ್ಮಾ ನೋಡಿದಳು. ಪುಟ್ಟಮಾದಮ್ಮ, "ನಂಗೆ ಓದಕ್ ಬರಕಿಲ್ಲ, ಆದ್ರೂ ತೋರ್ಸಿ," ಎಂದು ನೋಡಿದರು.

"ನಂದೇ ತಪ್ಪು ಮೇಡಂ. ಬೊಟ್ಟು ಇಟ್ಟಿದ್ದೂ ನಾನೇ, ಎಂಟು ಅಂತ ಬರೆದಿದ್ದೂ ನಾನೇ. ಈ ಹುಡುಗೀಗೆ ಚಿಂತೆ ಬುಟ್ಟು ಮಲಕ್ಕೋ ಅಂದಿದ್ದೂ ನಾನೇ," ಅಂದರು ಷಡಕ್ಷರಿ. ಹಣೆ ತುಂಬ ಕುಂಕುಮ ಮೆತ್ತಿಕೊಂಡು ಅವರು ನಿಂತಿದ್ದ ರೀತಿಗೆ ನಗಬೇಕೋ ಅಳಬೇಕೋ ಯಾರಿಗೂ ತಿಳಿಯಲಿಲ್ಲ.

ಕೊನೆಗೆ ನಕ್ಕವರು ಪುಟ್ಟಮಾದಮ್ಮನೇ. "ಸರಿ ಬುಡಿ. ಆಡಿದ್ ಮಾತು ಆಡಿದ್ ಮಾತು. ಆರು ತಿಂಗಳು ಮೊಸರನ್ನ ಕಲಸಿದ್ದಕ್ಕೆ ನಂಗೆ ಕೊನೀಗೆ ಚಿಪ್ಪೇ ಗತಿ ಆಯ್ತಲ್ಲ." ನಗುತ್ತಲೇ ಸೀರೆಯಂಚಿನ ಹಗ್ಗವನ್ನು ಸುಷ್ಮಾಳ ಕೈಗಿಟ್ಟರು. ಆಮೇಲೆ ಯಾರ ಮುಖವನ್ನೂ ನೋಡದೆ ನಾಯಿಯ ಕಿವಿಯ ಹಿಂದೆ ತುಂಬಾ ಹೊತ್ತು ಕೆರೆದರು.

ಸುಷ್ಮಾಳಿಗೆ ಆಗ ಹೊಸದೊಂದು ದಿಗಿಲು ಹತ್ತಿತು. "ಮೇಡಂ, ಮತ್ತೆ ಕಳೆದುಹೋದ ದಿನ ನನ್ನ ಫೋನ್ ಸತ್ತುಹೋಗಿದ್ರೆ? ಮಗು ಅಳ್ತಾ ನಾನು ಎತ್ತದೇ ಇದ್ರೆ? ಇನ್ನೊಂದು ನಂಬರು ಹಾಕೋಕೆ ಜಾಗ ಇದೆಯಾ?"

"ಇದೆ. ನಿಮ್ಮ ಮನೆಯವರದು ಕೊಡಿ."

"ಅವರು ಮೀಟಿಂಗಲ್ಲಿ ಎತ್ತೋದೇ ಇಲ್ಲ. ಇವರದು ಹಾಕಿ," ಎಂದು ಸುಷ್ಮಾ ಹೂವಿನ ಹೆಂಗಸಿನ ಕಡೆ ತೋರಿಸಿದಳು. "ಇವನು ಓಡಿದ್ರೆ ಹೇಗೂ ಅಲ್ಲಿಗೇ ತಾನೇ ಬರೋದು, ಮೊಸರನ್ನ ಹುಡುಕ್ಕೊಂಡು."

ಪುಟ್ಟಮಾದಮ್ಮ, "ನಂದಾ? ಕಂಪ್ಯೂಟ್ರಾಗಾ?" ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು. ನಂಬರು ಅವರಿಗೆ ಬಾಯಿಪಾಠವಿರಲಿಲ್ಲ. ಫೋನು ತೆಗೆದು ಡಾಕ್ಟರ ಕೈಗೇ ಕೊಟ್ಟುಬಿಟ್ಟರು.

ಎಲ್ಲರೂ ಹೋದ ಮೇಲೆ ಕ್ಲಿನಿಕ್ಕಿನಲ್ಲಿ ಸುಗಂಧರಾಜದ ವಾಸನೆ ಮಾತ್ರ ಉಳಿಯಿತು. ಡಾಕ್ಟರು ಕೇಳಿದರು. "ಅವತ್ತು ಪೂಜೆಗೆ ಇಟ್ಟಿದ್ದು ಎಷ್ಟು ಪೊಟ್ಟಣ?"

"ಹತ್ತು."

ಇನ್ನೂ ಒಂಬತ್ತು ನಾಯಿಗಳು ಈ ಊರಿನಲ್ಲಿ ಯಾವ ಅಂಕಿಯನ್ನು ಹೊತ್ತು ತಿರುಗುತ್ತಿವೆಯೋ ಅಂತ ಇಬ್ಬರೂ ರಿಜಿಸ್ಟರಿನ ಆ ಹಾಳೆಗಳನ್ನು ತಿರುವಿ ನೋಡಿದರು.

"ಇನ್ನು ಮೇಲೆ ನಂಬರು ನಾನೇ ಬರೀತೀನಿ ಷಡಕ್ಷರಿಯವರೇ," ಅಂದರು ಡಾಕ್ಟರು. ಸ್ವಲ್ಪ ತಡೆದು, "ಸೂಜಿ ನೀವೇ ಹಾಕಿ," ಅಂದರು.

ಷಡಕ್ಷರಿಯವರು ಜೇಬಿನ ಪೆನ್ನು ತೆಗೆದು ಮೇಜಿನ ಮೇಲಿಟ್ಟರು. "ಆ ಒಂಬತ್ತು ಮನೆಗೆ ಯಂತ್ರ ತಗೊಂಡು ನಾನೇ ಹೋಗ್ಬರ್ತೀನಿ ಮೇಡಂ. ಯಂತ್ರದಲ್ಲಿ ಕಂಡಿದ್ದನ್ನ ಅವರ ಕೈಯಲ್ಲೇ ಬರೆಸ್ತೀನಿ."

"ಫೋನ್ ಮಾಡಿದ್ರೆ ಅವರೇ ಬರ್ತಾರಲ್ಲ?"

"ತಪ್ಪು ಮಾಡಿದೋನು ನಾನು, ಓಡಾಡೋದು ಅವರಾ?"

ಮೊದಲ ದಿನವೇ ಐದು ಮನೆ ಆಯಿತು. ನಾಲ್ಕು ಸರಿಯಿದ್ದವು. ಐದನೆಯದರಲ್ಲಿ ಸೊನ್ನೆಯೊಂದು ಎಂಟಾಗಿತ್ತು. ಆ ಮನೆಯವರು ಬೈದರು, ಇವರು ನಿಂತು ಬೈಸಿಕೊಂಡರು. ಬೈದವರೇ ಆಮೇಲೆ ಮಜ್ಜಿಗೆ ಕೊಟ್ಟರು.

ಮರುದಿನ ಇಳಿಹೊತ್ತಿನಲ್ಲಿ ಆರನೆಯ ಮನೆ. ಸರಸ್ವತಿಪುರಂನ ಒಂದು ಹಳೆಯ ಹೆಂಚಿನ ಮನೆ. ನಿವೃತ್ತ ಮೇಷ್ಟರು ವಾಗೀಶರು ಗೇಟು ತೆಗೆದರು. ಮೆಟ್ಟಿಲ ಮೇಲೆ, ಸಂಪಿಗೆ ಮರದ ನೆರಳಿನಲ್ಲಿ, ಅವರ ಮುದಿ ನಾಯಿ ಮಗ್ಗುಲಾಗಿ ಮಲಗಿತ್ತು. ಷಡಕ್ಷರಿಯವರು ಮೇಲಿಂದ ಯಂತ್ರ ಆಡಿಸಿದರು. ಸದ್ದು ಬರಲಿಲ್ಲ.

"ಕಾಳು ಕೆಳಗಿನ ಮಗ್ಗುಲಿಗೆ ಜಾರಿರಬೇಕು ಮೇಷ್ಟ್ರೇ."

"ಎಬ್ಬಿಸ್ತೀನಿ ತಡೀರಿ. ಏಯ್—"

"ಬ್ಯಾಡಿ, ಬ್ಯಾಡಿ. ಏನೋ ಕನಸು ಕಾಣ್ತಾ ಇದೆ ನೋಡಿ."

ನಾಯಿಯ ಮುಂಗಾಲು ನಿದ್ದೆಯಲ್ಲೇ ಓಡುತ್ತಿತ್ತು. ಬಾಯಿ ಮುಚ್ಚಿಕೊಂಡೇ ಸಣ್ಣಗೆ ಬೊಗಳುತ್ತಿತ್ತು.

"ಅವನು ಮಲಗಿದ್ರೆ ಗಂಟೆಗಟ್ಟಲೆ ಕಣ್ರೀ," ಅಂದರು ಮೇಷ್ಟರು.

"ಮಲಗಲಿ ಬುಡಿ. ಎದ್ದ ಮೇಲೆ ನೋಡೋಣ."

ಷಡಕ್ಷರಿಯವರು ಸೈಕಲ್ಲನ್ನು ಗೋಡೆಗೊರಗಿಸಿ, ನಾಯಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತರು. ಬೀದಿಯಲ್ಲಿ ಟ್ಯುಟೋರಿಯಲ್ ಬಿಟ್ಟ ಮಕ್ಕಳು ಗಲಾಟೆ ಮಾಡುತ್ತಾ ಹೋದರು, ಒಂದು ಸಿಟಿ ಬಸ್ಸು ತಿರುಗಿತು, ಆಮೇಲೆ ಆ ಸದ್ದೂ ಅಡಗಿತು. ಅಂಗೈಯನ್ನು ನಾಯಿಯ ಬೆನ್ನ ಹತ್ತಿರಕ್ಕೆ ಒಯ್ದು, ಮುಟ್ಟದೆ, ಅದರ ಉಸಿರು ಏರಿಳಿಯುವುದನ್ನು ನೋಡುತ್ತಾ ಅವರು ಕಾದರು.